ಗೇರಕ್ಕನ ಸಹಿ

ಗೇರಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರು ಹೇಳುತ್ತಾರೆ. ಅದು ಅರ್ಧ ಸುಳ್ಳು. ಮೂಗಿನ ತುದಿಯ ಕೋಪವಾದರೆ ಒಂದು ಸೀನಿಗೆ ಹೊರಟುಹೋಗುತ್ತದೆ. ಅವಳದು ಹಾಗಲ್ಲ. ಹನ್ನೊಂದು ವರ್ಷ ಇನ್ನೊಬ್ಬರ ಕಾರು ಓಡಿಸಿದವಳು ಅವಳು. ಸಿಗ್ನಲ್ಲಿನಲ್ಲಿ ಅಡ್ಡ ನುಗ್ಗಿದವರಿಗೆ, ಹೆಂಗಸು ಸ್ಟೇರಿಂಗ್ ಹಿಡಿದಿದ್ದಾಳೆಂದು ಬೇಕಂತಲೇ ಹಾರ್ನ್ ಬಾರಿಸಿದವರಿಗೆ, ಬೈಯಬೇಕಾದದ್ದನ್ನೆಲ್ಲ ಬೈಯದೆ ನುಂಗಿದವಳು. ಹಿಂದಿನ ಸೀಟಿನಲ್ಲಿ ಯಜಮಾನರು ಕೂತಿರುವಾಗ ಮುಂದಿನ ಸೀಟಿನವಳು ಬಾಯಿ ಬಿಡುವಂತಿಲ್ಲವಲ್ಲ. ನುಂಗಿದ್ದು ಎಲ್ಲಿಗೆ ಹೋಗುತ್ತದೆ? ಮನೆಗೆ ಬಂದು ಪಾತ್ರೆಗಳ ಮೇಲೆ ಬೀಳುತ್ತದೆ. ಅವರ ಮನೆಯ ಪಾತ್ರೆಗಳಲ್ಲಿ ನೆಗ್ಗದೆ ಉಳಿದದ್ದು ಒಂದೂ ಇಲ್ಲ.

ಗೇರಕ್ಕ ಎಂದು ಹೆಸರಿಟ್ಟವರು ಸರ್ವೀಸ್ ಸೆಂಟರಿನ ಮೆಕ್ಯಾನಿಕ್ಕುಗಳು. ಗೇರು ಬದಲಾಗುವ ಸದ್ದು ಕೇಳಿಯೇ ಕಾರಿನ ಹೊಟ್ಟೆಯೊಳಗೆ ಏನು ನಡೆದಿದೆ ಎಂದು ಹೇಳಿಬಿಡುತ್ತಿದ್ದಳು. ಅವರು ಕಂಪ್ಯೂಟರಿಗೆ ತಂತಿ ಚುಚ್ಚಿ ಅರ್ಧ ಗಂಟೆ ಕಾದು ನೋಡಿದರೆ ಅದೂ ಅದನ್ನೇ ಹೇಳುತ್ತಿತ್ತು. ಅವಳ ಗಂಡನದು ಬೀದಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿ. ಅವನೋ, ಪರಮ ಶಾಂತ. ತಲೆಯ ಮೇಲೆ ತಲೆ ಬಿದ್ದರೂ ಮೊದಲು ಕಾಲರ್ ಮುಗಿಸಿ ಆಮೇಲೆ ತಿರುಗಿ ನೋಡುವ ಆಸಾಮಿ. ಇವಳ ಕೋಪ ಹೆಚ್ಚುವುದಕ್ಕೆ ಅರ್ಧ ಕಾರಣವೇ ಆ ಶಾಂತಿ.

ಅವಳು ಕೆಲಸಕ್ಕಿದ್ದದ್ದು ಟೈಲ್ಸ್ ಅಂಗಡಿಯ ಯಜಮಾನರ ಬಳಿ. ಮೂರು ಅಂತಸ್ತಿನ ಅಂಗಡಿ, ಗಾಜಿನ ಮುಂಭಾಗ, ನೆಲವಂತೂ ಮುಖ ನೋಡಿಕೊಳ್ಳುವಷ್ಟು ಹೊಳಪು. ಯಜಮಾನರು ಯಾವತ್ತೂ ಗದರಿದವರಲ್ಲ. ಗದರುವವರನ್ನಾದರೂ ನಂಬಬಹುದು, ಇಂಥವರನ್ನಲ್ಲ ಎಂದು ಈಗ ಅನ್ನಬಹುದು; ಆಗ ಯಾರಿಗೆ ಗೊತ್ತಿತ್ತು! ಕಾರಿನಿಂದ ಇಳಿಯುವಾಗ ಅವರು ಹೇಳುತ್ತಿದ್ದದ್ದು ಒಂದೇ ಮಾತು. "ಇಲ್ಲೇ ಇರು. ಕರೀತೀನಿ." ಬ್ಯಾಂಕಿನ ಮುಂದೆ, ನೆಂಟರ ಮನೆಯ ಮುಂದೆ, ಆಸ್ಪತ್ರೆಯ ಮುಂದೆ, ಎಲ್ಲ ಕಡೆ ಅದೇ. ಕೆಲವೊಮ್ಮೆ ಹತ್ತು ನಿಮಿಷಕ್ಕೆ ಕರೆಯುತ್ತಿದ್ದರು, ಕೆಲವೊಮ್ಮೆ ಐದು ಗಂಟೆಗೆ. ಒಂದು ಸಲ ಅವರು ಹಿಂಬಾಗಿಲಿನಿಂದ ಬೇರೆಯವರ ಕಾರಿನಲ್ಲಿ ಮನೆ ಸೇರಿ, ಊಟ ಮಾಡಿ, ಮಲಗಿ ಎದ್ದ ಮೇಲೆ ನೆನಪಾಗಿ ಫೋನ್ ಮಾಡಿದ್ದರು. ಗೇರಕ್ಕ ಅಲ್ಲೇ ಇದ್ದಳು. ಡ್ರೈವರ್ ಕೆಲಸ ಅಂದರೆ ಓಡಿಸುವುದು ಎಂದು ಜನ ತಿಳಿದಿದ್ದಾರೆ. ಓಡಿಸುವುದು ಅದರಲ್ಲಿ ಕಾಲು ಭಾಗ, ಮಿಕ್ಕದ್ದೆಲ್ಲ ಕಾಯುವುದು.

ಅವಳಿಗೆ ಕಾರು ಕಲಿಸಿದವನು ಸೋದರಮಾವ. ಅವನೂ ಇನ್ನೊಬ್ಬರ ಕಾರು ಓಡಿಸಿಯೇ ತಲೆ ನರೆಸಿಕೊಂಡವನು. ಕ್ಲಚ್ಚಿಗಿಂತ ಮೊದಲು ಅವನು ಕಲಿಸಿದ್ದು ಈ ಪಾಠ: "ನೋಡು ಮಗಾ, ಡ್ರೈವರಿಗೆ ಕಣ್ಣು ರಸ್ತೆ ಮೇಲೆ, ಕಿವಿ ಇಂಜಿನ್ ಮೇಲೆ. ಹಿಂದಿನ ಸೀಟಿನ ಮಾತು ಕೇಳಿಸ್ಕೋಬಾರದು. ಯಜಮಾನರ ಕಾಗದ ಓದಬಾರದು. ಓದಿದ ದಿನ ನೀನು ಡ್ರೈವರ್ ಅಲ್ಲ, ಕಳ್ಳಿ." ಗೇರಕ್ಕ ಅದನ್ನು ವೇದವಾಕ್ಯದಂತೆ ಪಾಲಿಸಿದಳು. ಲಕೋಟೆ ಕೊಟ್ಟರೆ ಲಕೋಟೆ ಮುಟ್ಟಿಸುವಳು. ತೆರೆದಿಟ್ಟ ಕಾಗದವಾದರೂ ಮಡಿಸಿ, ಅಕ್ಷರ ಒಳಗಾಗುವಂತೆ ಹಿಡಿಯುವಳು. ತನ್ನ ನಿಯತ್ತಿನ ಬಗ್ಗೆ ಅವಳಿಗೆ ಇದ್ದ ಹೆಮ್ಮೆ ಇಷ್ಟಿಷ್ಟಲ್ಲ.

ಸರ್ವೀಸ್ ಸೆಂಟರಿನ ಫಾರಂಗಳಲ್ಲಿ 'ಮಾಲೀಕರ ಸಹಿ' ಎಂದು ಒಂದು ಚೌಕ ಇರುತ್ತದೆ. ಮೊದಲ ವರ್ಷ ಅವಳು ಆ ಫಾರಂ ಹಿಡಿದು ಯಜಮಾನರ ಹತ್ತಿರ ಓಡಿದ್ದಳು. ಅವರು ಬೇಸರದಿಂದ, "ಇದಕ್ಕೆಲ್ಲ ನಾನು ಬೇಕಾ? ನೀನೇ ಹಾಕ್ಬಿಡು," ಅಂದು, ತಮ್ಮ ಪರವಾಗಿ ಡ್ರೈವರ್ ಸಹಿ ಹಾಕಬಹುದು ಎಂದು ಕಂಪನಿಗೆ ಒಂದು ಪತ್ರ ಬರೆದುಕೊಟ್ಟರು. ಅವತ್ತಿನಿಂದ ಎಲ್ಲ ಕಾಗದಕ್ಕೂ ಅವಳದೇ ಸಹಿ. ಏಳನೇ ಕ್ಲಾಸಿನಲ್ಲಿ ಕಲಿತ ಸಹಿ: ಮೊದಲ ಅಕ್ಷರ ದೊಡ್ಡದು, ಮಿಕ್ಕದ್ದು ಘಾಟಿ ರಸ್ತೆಯ ತಿರುವಿನ ಹಾಗೆ ಒಂದು ಗೆರೆ. ಕೌಂಟರಿನ ಕನ್ನಡಕದವನು ಬೆರಳು ತೋರಿಸಿದಲ್ಲಿ ಹಾಕುವುದು, ಬರುವುದು. ಓದುವ ಮಾತೇ ಇಲ್ಲ. ಅದು ಯಜಮಾನರ ಕಾಗದವಲ್ಲವೇ.

ಯಜಮಾನರಿಗೆ ಹೊಸ ಕಾರಿನ ಮೇಲೆ ಮನಸ್ಸಾಯಿತು. ಅವರ ತಂಗಿಯ ಮಗನೇ ಅದನ್ನು ಓಡಿಸುವುದೆಂದೂ ಆಯಿತು. ಗೇರಕ್ಕನಿಗೆ ಹನ್ನೊಂದು ವರ್ಷದ ಲೆಕ್ಕ ಚುಕ್ತಾ ಮಾಡಿ ಕಳಿಸಬೇಕು. ಯಜಮಾನರು ಅವಳನ್ನು ಕರೆದು, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಹೇಳಿದರು.

"ದುಡ್ಡು ಕೊಟ್ರೆ ಖರ್ಚಾಗುತ್ತೆ. ಅದರ ಬದಲು ಈ ಕಾರನ್ನೇ ಇಟ್ಕೋ. ಐದು ವರ್ಷದ ಗಾಡಿ. ಮೇಲೆ ದುಡ್ಡು ಕಟ್ಟಿ ತಗೊಂಡ ವಾರಂಟಿ ಇನ್ನೂ ಎರಡು ವರ್ಷ ಇದೆ. ಏನೇ ಕೆಟ್ರೂ ಕಂಪನಿಯವರದ್ದೇ ಖರ್ಚು. ಇನ್ನೇನು ಬೇಕು?"

ಗೇರಕ್ಕ ಮೂರು ದಿನ ಯೋಚಿಸಿದಳು. ಇಂಥ ಕಾರಿನ ಒಂದು ಕನ್ನಡಿ ಒಡೆದರೆ ಅವಳ ಎರಡು ತಿಂಗಳ ಸಂಬಳ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೆ ವಾರಂಟಿ ಇದ್ದರೆ ಒಳ್ಳೆಯ ಬೆಲೆಗೆ ಮಾರಬಹುದು. ಮಾರಿ, ಎರಡು ಸಣ್ಣ ಕಾರು ಕೊಂಡು, ಹೆಂಗಸರಿಗೆ ಡ್ರೈವಿಂಗ್ ಕಲಿಸುವ ಶಾಲೆ ತೆಗೆಯಬಹುದು. ಇಸ್ತ್ರಿ ಅಂಗಡಿಯ ಪಕ್ಕದ ಖಾಲಿ ಮಳಿಗೆಯನ್ನು ಅವಳು ಆರು ವರ್ಷದಿಂದ ಕಣ್ಣಿಟ್ಟು ನೋಡುತ್ತಿದ್ದಳು. ಇನ್ನು ಮೇಲೆ ಯಾರ ಬಾಗಿಲಲ್ಲೂ ಕಾಯುವುದಿಲ್ಲ ಎಂದುಕೊಂಡು, ವಾರಂಟಿಯ ಮಾತನ್ನು ನಂಬಿ, ಹೂಂ ಅಂದಳು.

ಮೂರನೇ ತಾರೀಕು ಕಾರು ಅವಳ ಹೆಸರಿಗಾಯಿತು. ಅದೇ ದಿನ ಯಜಮಾನರು ಟೈಪು ಮಾಡಿಸಿದ ಬಿಡುಗಡೆ ಪತ್ರವನ್ನೂ ಕೊಟ್ಟರು. ಅವಳು ಎಂದಿನಂತೆ ಓದದೆ, ನಾಲ್ಕು ಮಡಿಕೆ ಮಾಡಿ ಯೂನಿಫಾರಂ ಕೋಟಿನ ಜೇಬಿಗೆ ಹಾಕಿಕೊಂಡಳು. ಮತ್ತೆ ಮೂರು ದಿನಕ್ಕೆ ಅವರಿಂದ ಫೋನು. "ಒಂದು ಕೊನೇ ಕೆಲಸ. ಕಾರಿನ ಕಾಗದ ಒಂದಿದೆ. ಸರ್ವೀಸ್‌ನಲ್ಲಿ ಕೊಟ್ಟು, ಎಂದಿನ ಹಾಗೆ ಸಹಿ ಹಾಕಿ ಬಾ." ವಾರಂಟಿಯನ್ನು ತನ್ನ ಹೆಸರಿಗೆ ಮಾಡುವ ಕಾಗದ ಇರಬೇಕು ಎಂದು ಗೇರಕ್ಕ ಎಣಿಸಿದಳು. ಕೆಲಸ ಬಿಟ್ಟ ಮೇಲೂ ನನ್ನ ನೆನಪಿಟ್ಟಿದ್ದಾರಲ್ಲ ಎಂದು ಮನಸ್ಸಿನಲ್ಲೇ ಕೈ ಮುಗಿದಳು. ಲಕೋಟೆ ಹಿಡಿದು ಹೋದಳು, ಕೊಟ್ಟಳು, ಹಾಕಿದಳು, ಬಂದಳು. ರಸೀದಿಯನ್ನು ಅವರ ಮನೆಗೆ ತಲುಪಿಸಿದಳು, ಸ್ವಂತ ಪೆಟ್ರೋಲಿನಲ್ಲಿ.

ಇಪ್ಪತ್ತೊಂಬತ್ತನೇ ದಿನ, ಮಾರ್ಕೆಟ್ಟಿನ ಏರಿನಲ್ಲಿ, ಗೇರ್‌ಬಾಕ್ಸ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಆ ಸದ್ದು ಕೇಳಿಯೇ ಗೇರಕ್ಕನಿಗೆ ಗೊತ್ತಾಯಿತು, ಇದು ಔಷಧಿಗೆ ಬಗ್ಗುವ ಕೆಮ್ಮಲ್ಲ. ಆದರೂ ಅವಳು ಹೆದರಲಿಲ್ಲ. ವಾರಂಟಿ ಇದೆಯಲ್ಲ! ಕಾರನ್ನು ಎತ್ತುವ ಲಾರಿ ಕರೆಸಿ, ಅದರ ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತು ಸರ್ವೀಸ್ ಸೆಂಟರಿಗೆ ಬಂದಳು.

ಕೌಂಟರಿನ ಕನ್ನಡಕದವನು ಕಂಪ್ಯೂಟರ್ ನೋಡಿದ, ಅವಳನ್ನು ನೋಡಿದ, ಮತ್ತೆ ಕಂಪ್ಯೂಟರ್ ನೋಡಿದ.

"ಅಕ್ಕಾ, ಈ ಗಾಡಿಗೆ ವಾರಂಟಿ ಇಲ್ವಲ್ಲ."

"ಕಣ್ಣು ಒರೆಸ್ಕೊಂಡು ನೋಡಪ್ಪ. ಎರಡು ವರ್ಷ ಇದೆ."

"ಇತ್ತು. ಹೋದ ತಿಂಗಳು ರದ್ದಾಗಿದೆ. ಉಳಿದ ಅವಧಿಯ ದುಡ್ಡು ಹಳೇ ಮಾಲೀಕರ ಖಾತೆಗೆ ವಾಪಸ್ ಹೋಗಿದೆ. ಗೇರ್‌ಬಾಕ್ಸ್ ಮಾಡಿಸೋದಾದ್ರೆ ನಿಮ್ಮದೇ ಖರ್ಚು." ಅವನು ಒಂದು ಅಂಕಿ ಹೇಳಿದ. ಅಷ್ಟಕ್ಕೆ ಆ ಕಾರಿನಂಥದೇ ಇನ್ನೊಂದು ಹಳೆಯ ಕಾರು ಬರುತ್ತಿತ್ತು.

"ಯಾವ ಮುಠ್ಠಾಳ ರದ್ದು ಮಾಡಿದ್ದು?" ಗೇರಕ್ಕ ಕೌಂಟರಿನ ಮೇಲೆ ಕೈ ಕುಟ್ಟಿದಳು. ಸೋಫಾದಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಗಿರಾಕಿಗಳೆಲ್ಲ ಕತ್ತು ತಿರುಗಿಸಿದರು. "ಹೇಳು, ಯಾರು? ಅವನ ಕೈ ಸೇದಿಹೋಗ!"

ಕನ್ನಡಕದವನು ಫೈಲಿನಿಂದ ಒಂದು ಹಾಳೆ ತೆಗೆದು ಅವಳ ಮುಂದೆ ತಿರುಗಿಸಿಟ್ಟ. ಮೇಲುಗಡೆ ದಪ್ಪ ಅಕ್ಷರದಲ್ಲಿ, ವಾರಂಟಿ ರದ್ದತಿಗೆ ಕೋರಿಕೆ. ಕೆಳಗಡೆ, ಮಾಲೀಕರ ಪರವಾಗಿ, ಮೊದಲ ಅಕ್ಷರ ದೊಡ್ಡದು, ಮಿಕ್ಕದ್ದು ಘಾಟಿ ರಸ್ತೆಯ ತಿರುವು.

ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವುದು ಎಂಬ ಮಾತನ್ನು ಗೇರಕ್ಕ ಎಷ್ಟೋ ಜನಕ್ಕೆ ಎಷ್ಟೋ ಸಲ ಅಂದಿದ್ದಳು. ಈಗ ಕಾಲು ಅವಳದೇ ಆಗಿತ್ತು. ಆ ಹಾಳೆಯ ನಕಲು ಬೇಕೆಂದಳು. ಅವನು ಕೊಟ್ಟ. ಪಾಪ, ಅವನೂ ಒಳ್ಳೆಯವನೇ. "ಒಂದು ಮಾತು ಅಕ್ಕ," ಅಂದ. "ಮಾರಿದ ನಲವತ್ತೈದು ದಿನದೊಳಗೆ ವಾರಂಟಿಯನ್ನ ಹೊಸಬರ ಹೆಸರಿಗೆ ಮಾಡಿಸ್ಕೋಬಹುದಿತ್ತು. ರದ್ದಾಗದೆ ಇದ್ದಿದ್ರೆ ಇನ್ನೂ ಹದಿನಾರು ದಿನ ಇತ್ತು." ಉರಿಯುವ ಬೆಂಕಿಗೆ ತುಪ್ಪ ಸುರಿಯುವುದೆಂದರೆ ಇದೇ. ಕಾರನ್ನು ಅಲ್ಲೇ ಬಿಟ್ಟು ಅವಳು ಬಸ್ಸು ಹತ್ತಿದಳು.

ಮಾರನೇ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಟೈಲ್ಸ್ ಅಂಗಡಿಯಲ್ಲಿದ್ದಳು. ಯಜಮಾನರು ಎರಡನೇ ಅಂತಸ್ತಿನಲ್ಲಿ ಸ್ನಾನದ ಮನೆಯ ಮಾದರಿಗಳ ನಡುವೆ ನಿಂತು ಧೂಳು ಒರೆಸಿಸುತ್ತಿದ್ದರು. ಕೂರು ಎನ್ನಲಿಲ್ಲ. ಹನ್ನೊಂದು ವರ್ಷದಲ್ಲಿ ಎಂದೂ ಅಂದವರಲ್ಲ. ಕೂರಲು ಅಲ್ಲಿ ಇದ್ದದ್ದಾದರೂ ಏನು, ಪ್ರದರ್ಶನಕ್ಕಿಟ್ಟ ಕಮೋಡುಗಳು. ಗೇರಕ್ಕ ಅವುಗಳಲ್ಲಿ ಎಲ್ಲಕ್ಕಿಂತ ದುಬಾರಿಯದನ್ನು ನೋಡಿ, ಮುಚ್ಚಳ ಹಾಕಿ, ಅದರ ಮೇಲೆ ಕೂತಳು.

"ಗೇರ್‌ಬಾಕ್ಸ್ ಹೋಗಿದೆ, ಯಜಮಾನ್ರೇ."

"ಅಯ್ಯೋ. ಹಳೇ ಗಾಡಿ ಅಂದ್ಮೇಲೆ ಅದೂ ಇದೂ ಇದ್ದದ್ದೇ."

"ವಾರಂಟಿ ರದ್ದು ಮಾಡಿಸಿದೀರಂತೆ."

ಯಜಮಾನರು ಒಂದು ನಲ್ಲಿಯನ್ನು ತಿರುಗಿಸಿ ನೋಡಿದರು. ಅದರಲ್ಲಿ ನೀರು ಬರುವುದಿಲ್ಲ, ತೋರಿಕೆಗೆ ಇಟ್ಟದ್ದು. "ಹೌದು. ಲೆಕ್ಕಪತ್ರ ನೋಡೋವ್ರು ಹೇಳಿದ್ರು, ಗಾಡಿ ಮಾರಿದ ಮೇಲೆ ಉಳಿದ ವರ್ಷದ ದುಡ್ಡು ವಾಪಸ್ ಬರುತ್ತೆ ಅಂತ. ಬರೋದನ್ನ ಯಾಕೆ ಬಿಡಬೇಕು?"

"ಎರಡು ವರ್ಷ ವಾರಂಟಿ ಇದೆ ಅಂತ ನೀವು ಹೇಳಿದ್ದಕ್ಕೇ ನಾನು ದುಡ್ಡು ಬಿಟ್ಟು ಗಾಡಿ ತಗೊಂಡಿದ್ದು!"

"ನಾನು ಹೇಳಿದ ದಿನ ಇತ್ತು. ಸುಳ್ಳು ಹೇಳಿದ್ನಾ?" ಅವರ ದನಿ ಏರಲೇ ಇಲ್ಲ. "ಅಲ್ಲದೆ, ತಗೊಂಡು ಹೋಗಿ ಕೊಟ್ಟವಳು ನೀನು. ಸಹಿ ಹಾಕಿದವಳೂ ನೀನು. ಸಹಿ ಹಾಕೋವಾಗ ಓದಿ ನೋಡಬೇಕಮ್ಮ. ಇಷ್ಟು ವರ್ಷ ಆದ್ರೂ ಅಷ್ಟು ತಿಳೀಲಿಲ್ವಾ?"

ಗೇರಕ್ಕ ಎದ್ದು ನಿಂತಳು. ಅವಳ ಮುಂದೆ ಬಿಳಿಯ ಪಿಂಗಾಣಿಯ ಸಿಂಕುಗಳು ಸಾಲಾಗಿದ್ದವು, ಮೂಲೆಯಲ್ಲಿ ಟೈಲ್ಸ್ ಒಡೆಯುವ ಸುತ್ತಿಗೆಯೂ ಇತ್ತು. ಮನೆಯ ಪಾತ್ರೆಗಳ ಗತಿ ಬಲ್ಲವರು ಅಲ್ಲಿದ್ದಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವಳು ಸುತ್ತಿಗೆ ಮುಟ್ಟಲಿಲ್ಲ. ಓದದೆ ಇದ್ದದ್ದು ಇವನ ಮರ್ಯಾದೆ ಕಾಯಲು. ಆ ಓದದಿರುವುದನ್ನೇ ಇವನು ಕತ್ತಿ ಮಾಡಿಕೊಂಡಿದ್ದಾನೆ. ಹಾಗಂತ ಹೇಳಬೇಕೆಂದು ಬಾಯಿ ತೆರೆದಳು. ಬಂದದ್ದು ಇಷ್ಟೇ: "ನಿಮ್ಮ ಉಪ್ಪು ತಿಂದೆ ಅಂತಿದ್ದೆ. ನೀವು ನನ್ನ ಉಪ್ಪನ್ನೂ ತಿಂದ್ಬಿಟ್ರಲ್ಲ." ಯಜಮಾನರು ಆಗಲೇ ಇನ್ನೊಂದು ನಲ್ಲಿಯ ಕಡೆ ಹೋಗಿದ್ದರು.

ಮನೆಗೆ ಬಂದವಳೇ ಒಂದು ಕುಕ್ಕರನ್ನು ಮುಗಿಸಿದಳು. ಆಮೇಲೆ ಯೂನಿಫಾರಂ ಕೋಟನ್ನು ಗೂಟದಿಂದ ಕಿತ್ತು, ಇಸ್ತ್ರಿ ಅಂಗಡಿಗೆ ಹೋಗಿ, ಗಂಡನ ಮುಖದ ಮೇಲೆ ಎಸೆದಳು. "ಇದನ್ನ ಒರೆಸೋ ಬಟ್ಟೆ ಮಾಡ್ಕೊಳ್ಳಿ. ಇಲ್ಲಾ, ಇಸ್ತ್ರಿ ಮಾಡಿ ಇಡಿ, ನಾಳೆಯಿಂದ ಮತ್ತೆ ಯಾರದಾದ್ರೂ ಕಾರಿನ ಬಾಗಿಲು ತೆಗೆಯೋಕೆ ಹೋಗಬೇಕಲ್ಲ. ಶಾಲೆಯಂತೆ ಶಾಲೆ! ಓದಕ್ಕೆ ಬಂದೂ ಓದದೆ ಇರೋ ದಡ್ಡಿ ಯಾರಿಗೆ ಏನು ಕಲಿಸ್ತಾಳೆ?" ರದ್ದತಿಯ ನಕಲನ್ನೂ ಉಂಡೆ ಮಾಡಿ ಎಸೆದಳು.

ಗಂಡ ಕೈಯಲ್ಲಿದ್ದ ಅಂಗಿಯ ತೋಳು ಮುಗಿಸಿದ. ಆಮೇಲೆ ಕೋಟನ್ನು ಮೇಜಿನ ಮೇಲೆ ಹರಡಿ ಜೇಬಿಗೆ ಕೈ ಹಾಕಿದ. ಅವನ ಕಸುಬಿನ ನಿಯಮ ಹೆಂಡತಿಯ ನಿಯಮಕ್ಕೆ ತದ್ವಿರುದ್ಧ. ಜೇಬು ನೋಡದೆ ಇಸ್ತ್ರಿ ಇಡಬಾರದು, ಸಿಕ್ಕಿದ ಕಾಗದ ಓದದೆ ಬಿಡಬಾರದು. ಓದದಿದ್ದರೆ ಯಾರದೆಂದು ಗೊತ್ತಾಗುವುದು ಹೇಗೆ, ವಾಪಸ್ ಕೊಡುವುದು ಹೇಗೆ? ಬೀದಿಯ ಅರ್ಧ ಜನರ ಸಾಲ, ಮುನಿಸು, ಬಸಿರಿನ ಸುದ್ದಿಗಳು ಆ ಮನುಷ್ಯನಿಗೆ ಗೊತ್ತು, ಒಂದೂ ಹೊರಗೆ ಬಂದಿಲ್ಲ. ನಾಲ್ಕು ಮಡಿಕೆಯ ಪತ್ರ ಸಿಕ್ಕಿತು. ಬಿಡಿಸಿದ, ಸುಕ್ಕಾಗಿದೆ ಎಂದು ಅದರ ಮೇಲೂ ಒಮ್ಮೆ ಇಸ್ತ್ರಿ ಎಳೆದ, ಓದಿದ. ನೆಲದ ಮೇಲಿನ ಉಂಡೆಯನ್ನೂ ಬಿಡಿಸಿ, ಇಸ್ತ್ರಿ ಎಳೆದು, ಓದಿದ.

"ಲೇ, ಆರನೇ ತಾರೀಕು ನೀನು ಯಾರ ಕೆಲಸದಲ್ಲಿದ್ದೆ?"

"ಯಾರ ಕೆಲಸ? ಮೂರಕ್ಕೇ ಬಿಡಿಸಿದ್ರಲ್ಲ. ತಲೆ ತಿನ್ಬೇಡಿ ರೀ!"

"ಹಾಗಾದ್ರೆ ಕೇಳು." ಅವನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ನಿಧಾನವಾಗಿ ಓದಿದ. ಇವರನ್ನು ಮೂರನೇ ತಾರೀಕಿನಂದು ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ಆ ದಿನದಿಂದ ಇವರಿಗೂ ನಮಗೂ ಯಾವ ಸಂಬಂಧವೂ ಇರುವುದಿಲ್ಲ. ನಮ್ಮ ಪರವಾಗಿ ಯಾವ ವ್ಯವಹಾರ ಮಾಡಲೂ ಇವರಿಗೆ ಅಧಿಕಾರವಿಲ್ಲ. "ಇದು ಮೂರನೇ ತಾರೀಕಿಂದು, ಕೆಳಗೆ ನಿಮ್ಮ ಯಜಮಾನ್ರ ಸಹಿ. ಈ ರದ್ದತಿ ಕಾಗದ ಆರನೇ ತಾರೀಕಿಂದು, ಅವರ ಪರವಾಗಿ ಅಂತ ನಿನ್ನ ಸಹಿ. ಅಧಿಕಾರ ಇಲ್ಲದೋಳ ಸಹಿಗೆ ದುಡ್ಡು ಹೆಂಗೆ ಕೊಟ್ರು ಕಂಪನಿಯೋರು?"

ಗೇರಕ್ಕ ಎರಡು ಕಾಗದಗಳನ್ನೂ ಅವನ ಕೈಯಿಂದ ತೆಗೆದುಕೊಂಡು, ಮೊದಲ ಸಲ, ತಾನೇ ಓದಿದಳು. ಒಂದು ದಿನದ ಸಂಬಳವಾದರೂ ಹೆಚ್ಚಿಗೆ ಕೊಡಬೇಕಾದೀತೆಂದು, ನಾಳೆ ಇವಳೇನಾದರೂ ತಗಾದೆ ತೆಗೆದಾಳೆಂದು, ಯಜಮಾನರು ಅಕ್ಷರ ಅಳೆದು ಬರೆಸಿದ ಪತ್ರ ಅದು. ಇವಳು ಚಾಪೆಯ ಕೆಳಗೂ ತೂರದವಳು, ಅವರು ರಂಗೋಲಿಯ ಕೆಳಗೆ ತೂರಲು ಹೋಗಿದ್ದರು. ಬಿಟ್ಟಿ ಕೆಲಸಕ್ಕೆ ಹಳೆಯ ಡ್ರೈವರನ್ನು ಕರೆಯುವ ಚಟವೊಂದು ಇಲ್ಲದಿದ್ದರೆ ತೂರಿಯೂ ಬಿಡುತ್ತಿದ್ದರು.

"ಇದನ್ನ ತಿಂಗಳ ಹಿಂದೆಯೇ ಓದಿ ಹೇಳೋಕೆ ನಿಮಗೇನಾಗಿತ್ತು?" ಎಂದು ಗಂಡನ ಮೇಲೆ ಹರಿಹಾಯ್ದಳು.

"ತಿಂಗಳ ಹಿಂದೆ ಕೋಟು ಇಸ್ತ್ರಿಗೆ ಹಾಕಿದ್ಯಾ?" ಅಂದ ಅವನು.

ಸರ್ವೀಸ್ ಸೆಂಟರಿನಲ್ಲಿ ಕನ್ನಡಕದವನು ಎರಡೂ ಕಾಗದ ನೋಡಿ ಬೆವರಿದ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೇನೋ ಅಂದ: ನೋಡೋಣ, ಕಳಿಸೋಣ, ಮೇಲಿನವರು ಏನಂತಾರೋ. ಗೇರಕ್ಕ ಕೌಂಟರಿನ ಮುಂದಿನಿಂದ ಕದಲಲಿಲ್ಲ. ಕಾಯುವ ವಿದ್ಯೆಯಲ್ಲಿ ಅವಳನ್ನು ಮೀರಿಸುವವರಿದ್ದರೆ ಅವರು ಇನ್ನೂ ಹುಟ್ಟಿರಲಿಲ್ಲ. ಮೂರು ಗಂಟೆ ನಿಂತ ಮೇಲೆ ಒಳಗಿನಿಂದ ಮೇಡಂ ಬಂದರು. ವಾರಂಟಿ ವಿಭಾಗಕ್ಕೆಲ್ಲ ಅವರೇ ಮುಖ್ಯಸ್ಥೆ.

"ಏನಮ್ಮ, ಸಹಿ ಹಾಕಿದವರು ನೀವೇ. ಈಗ ಅದು ಸಲ್ಲಲ್ಲ ಅನ್ನೋರೂ ನೀವೇ?"

"ಹೌದು ಮೇಡಂ, ನಾನೇ. ಓದದೆ ಸಹಿ ಹಾಕಿದ್ದು ನನ್ನ ತಪ್ಪು. ಆದ್ರೆ ಅಧಿಕಾರ ಇದೆಯಾ ಅಂತ ಕೇಳದೆ ತಗೊಂಡದ್ದು ನಿಮ್ಮ ತಪ್ಪು. ಆವತ್ತು ನಾನು ಅವರಿಗೆ ದಾರಿಹೋಕಳು. ದಾರಿಹೋಕರು ಬಂದು ಯಾರ ವಾರಂಟಿ ಬೇಕಾದ್ರೂ ರದ್ದು ಮಾಡಬಹುದು ಅಂತ ಬೋರ್ಡ್ ಹಾಕಿ, ಹೊರಟುಹೋಗ್ತೀನಿ."

ಸೋಫಾದಲ್ಲಿದ್ದವರೆಲ್ಲ ಈಗ ಕಾಫಿ ಬಿಟ್ಟು ಕೇಳುತ್ತಿದ್ದರು. ಮೇಡಂ ಅವರ ಕಡೆ ಒಮ್ಮೆ ನೋಡಿ, ಗೇರಕ್ಕನನ್ನು ಒಳಗೆ ಕರೆದರು. ಒಳಗೂ ಅವಳ ದನಿ ಹೊರಗಿನಷ್ಟೇ ಕೇಳುತ್ತಿತ್ತು.

ಆಮೇಲಿನ ಓಡಾಟ ಎರಡು ವಾರ. ದಿನವೂ ಬಸ್ಸಿನಲ್ಲಿ ಹೋಗುವಳು, ಕೌಂಟರಿನ ಮುಂದೆ ನಿಲ್ಲುವಳು. ನಾಳೆ ಬನ್ನಿ ಎಂದರೆ, ನಾಳೆಯವರೆಗೂ ಇಲ್ಲೇ ಇರ್ತೀನಿ ಅನ್ನುವಳು. ಕೊನೆಗೆ ಕಂಪನಿಯವರು ಒಪ್ಪಿದರು: ರದ್ದತಿ ಸಲ್ಲದು, ವಾರಂಟಿ ಜೀವಂತ, ಕೊಟ್ಟ ದುಡ್ಡು ಹಳೆಯ ಮಾಲೀಕರಿಂದ ವಾಪಸ್ ಬರಬೇಕು. ಇನ್ನು ಅದು ಇವಳ ಹೆಸರಿಗಾಗಬೇಕಾದರೆ ಮಾರಿದವರೂ ಕೊಂಡವರೂ ಇಬ್ಬರೂ ಕೌಂಟರಿಗೆ ಬಂದು ಸಹಿ ಹಾಕಬೇಕು. ಪರವಾಗಿ ಎಂಬ ಮಾತೇ ಇಲ್ಲ. ನಲವತ್ತೈದು ದಿನದೊಳಗೆ ಆದರೆ ಗೇರ್‌ಬಾಕ್ಸ್ ಕಂಪನಿಯದು, ಆಗದಿದ್ದರೆ ಅವಳದು.

ಯಜಮಾನರು ಮೊದಲು ಊರಲ್ಲಿಲ್ಲ ಅಂದರು. ಆಮೇಲೆ ಸೊಂಟ ನೋವು ಅಂದರು. ಆದರೆ ಅವರ ಹೊಸ ಕಾರು ಬರಬೇಕಾಗಿದ್ದದ್ದೂ ಅದೇ ಕಂಪನಿಯಿಂದ. ಹಳೆಯ ಗಾಡಿಯ ಫೈಲು ಸರಿಯಾಗುವವರೆಗೆ ಹೊಸ ಗಾಡಿಯ ಬೀಗದ ಕೈ ಕೊಡಲಾಗುವುದಿಲ್ಲ ಎಂದು ಮೇಡಂ ಫೋನಿನಲ್ಲಿ ಹೇಳಿದ ಮೇಲೆ ಸೊಂಟ ಥಟ್ಟನೆ ನೆಟ್ಟಗಾಯಿತು.

ನಲವತ್ತನಾಲ್ಕನೇ ದಿನ ಮಧ್ಯಾಹ್ನ ಅವರು ಟ್ಯಾಕ್ಸಿಯಲ್ಲಿ ಬಂದಿಳಿದರು. ಹನ್ನೊಂದು ವರ್ಷದಲ್ಲಿ ಆ ಕೌಂಟರನ್ನು ಅವರು ನೋಡಿದ್ದು ಅವತ್ತೇ ಮೊದಲು. ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ತಿಳಿಯದೆ ಒಂದು ಕ್ಷಣ ಒದ್ದಾಡಿದರು. ಗೇರಕ್ಕ ನೋಡುತ್ತ ಕೂತಿದ್ದಳು, ಎದ್ದು ಹೋಗಿ ತೆಗೆಯಲಿಲ್ಲ. ಕೈ ಮಾತ್ರ ಅಭ್ಯಾಸಬಲದಿಂದ ಸ್ವಲ್ಪ ಮೇಲೆದ್ದಿತ್ತು. ಅದನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡಳು.

"ತಾವು ಯಾರು, ಸಾರ್?" ಎಂದ ಕನ್ನಡಕದವನು. ಅವನು ನಿಜವಾಗಿಯೂ ಕೇಳಿದ್ದು. ಅವನ ಪಾಲಿಗೆ ಆ ಕಾರಿನ ಮುಖ ಅಂದರೆ ಗೇರಕ್ಕನ ಮುಖ.

ಯಜಮಾನರು ಗುರುತಿನ ಚೀಟಿ ತೋರಿಸಬೇಕಾಯಿತು. ಗೇರಕ್ಕನೂ ಎದ್ದು ಬಂದು ಅವರ ಪಕ್ಕದಲ್ಲಿ ನಿಂತಳು. ಕನ್ನಡಕದವನು ನಾಲ್ಕು ಪುಟದ ಫಾರಂ ತೆಗೆದು ವಿವರಿಸಿದ: ಮೊದಲು ಕೊಂಡವರು ಪ್ರತಿ ಪುಟಕ್ಕೂ ಸಹಿ ಹಾಕಬೇಕು, ಅದಾದ ಮೇಲೆ ಕೊನೆಯ ಪುಟದಲ್ಲಿ ಅದರ ಕೆಳಗೆ ಮಾರಿದವರು. ಯಜಮಾನರು ಅದನ್ನು ಪೂರ್ತಿ ಕೇಳಲಿಲ್ಲ. ಗಡಿಯಾರ ನೋಡುತ್ತ, ಫಾರಂ ಎತ್ತಿ, ಪಕ್ಕಕ್ಕೆ ತಿರುಗದೆಯೇ ಗೇರಕ್ಕನ ಕಡೆ ಚಾಚಿದರು.

"ನನ್ನದೂ ನೀನೇ ಹಾಕ್ಬಿಡು. ಅಂಗಡೀಲಿ ಜನ ಕಾಯ್ತಿದ್ದಾರೆ."

ಕನ್ನಡಕದವನ ಪೆನ್ನು ಕೈಯಲ್ಲೇ ನಿಂತಿತು. ಒಳಗಿನ ಗಾಜಿನ ಹಿಂದೆ ಮೇಡಂ ಕತ್ತೆತ್ತಿದರು. ಗೇರಕ್ಕನ ಕಿವಿ ಕೆಂಪಾಯಿತು. ಇಷ್ಟೆಲ್ಲ ಆದ ಮೇಲೂ ಆ ಮನುಷ್ಯನ ಕೈ ತಾನಾಗಿ ಚಾಚಿತ್ತು, ಗೋಡೆಯ ಗೂಟಕ್ಕೆ ಅಂಗಿ ಚಾಚುವ ಹಾಗೆ. ಅವಳು ಕೂಗಬಹುದಿತ್ತು. ಬೀದಿಯವರು ಅಲ್ಲಿದ್ದಿದ್ದರೆ ಅದನ್ನೇ ನಿರೀಕ್ಷಿಸುತ್ತಿದ್ದರು. ಅವಳು ಫಾರಂ ತೆಗೆದುಕೊಂಡಳು.

"ಮೊದಲು ನನ್ನದು," ಎಂದಳು. "ಓದಿ ಹಾಕ್ತೀನಿ."

"ಅದರಲ್ಲಿ ಓದೋದೇನಿದೆ?"

"ಸಹಿ ಹಾಕೋವಾಗ ಓದಿ ನೋಡಬೇಕು ಅಂತ ನೀವೇ ಹೇಳಿಕೊಟ್ಟದ್ದಲ್ವಾ?"

ಸೋಫಾಕ್ಕೆ ಹೋಗಿ ಕೂತಳು. ಕನ್ನಡಕದವನು ಕಾಫಿ ತಂದಿಟ್ಟ. ಹನ್ನೊಂದು ವರ್ಷದಲ್ಲಿ ಆ ಸೋಫಾದ ಕಾಫಿ ಡ್ರೈವರುಗಳಿಗಲ್ಲ ಎಂದು ಅವಳೂ ಕುಡಿದಿರಲಿಲ್ಲ, ಅವನೂ ಕೊಟ್ಟಿರಲಿಲ್ಲ. ಅವಳು ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಅಕ್ಷರ ಅಕ್ಷರ ಓದಿದಳು. ಯಾವುದು ಸೇರಿದೆ, ಯಾವುದು ಸೇರಿಲ್ಲ, ಯಾವ ಎಣ್ಣೆಯನ್ನು ಎಷ್ಟು ದಿನಕ್ಕೆ ಬದಲಿಸಬೇಕು, ಯಾರು ರದ್ದು ಮಾಡಬಹುದು. ಆ ಕೊನೆಯದನ್ನು ಎರಡು ಸಲ ಓದಿದಳು. ಪುಟಕ್ಕೆ ಹತ್ತು ನಿಮಿಷ ಹಿಡಿಯಿತು. ಯಜಮಾನರು ಮೊದಲು ನಿಂತರು, ಆಮೇಲೆ ಕೌಂಟರಿಗೆ ಒರಗಿದರು, ಆಮೇಲೆ ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಡ್ರೈವರುಗಳಿಗೆಂದು ಹಾಕಿದ ಕುರ್ಚಿ ಅದು. ಅವರಿಗೆ ಹೇಗೆ ಗೊತ್ತಾಗಬೇಕು?

ನಾಲ್ಕನೇ ಪುಟದ ಕೊನೆಯ ಸಾಲು ಮುಗಿಯುವ ಹೊತ್ತಿಗೆ ಯಜಮಾನರು ಎದ್ದು ಹತ್ತಿರ ಬಂದರು.

"ಇನ್ನೂ ಎಷ್ಟು ಹೊತ್ತು?"

ಗೇರಕ್ಕ ತಲೆ ಎತ್ತದೆ, ಪುಟಗಳನ್ನು ಸರಿಯಾಗಿ ಜೋಡಿಸಿ, ಮತ್ತೆ ಮೊದಲನೇ ಪುಟ ತೆಗೆದಳು.

"ಇಲ್ಲೇ ಇರಿ," ಎಂದಳು. "ಕರೀತೀನಿ."